ಕ್ವಾರ್ಟರ್‌ಬ್ಯಾಕ್‌ನ ತೋಳು ನೋಡಿ ಆಟ ಹೆಣೆಯುತ್ತಾರೆ

ಮಾನ್ಯ ಸಂಪಾದಕರೇ,

ಅಮೆರಿಕನ್ ಫುಟ್‌ಬಾಲ್ ಬಗ್ಗೆ ಕ್ರೀಡಾ ಪುಟದಲ್ಲಿ ಬರುವ ವರದಿಗಳಲ್ಲಿ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ದಾಳಿ ನಡೆಸುವ ಆಟಗಾರ) 60 ಯಾರ್ಡ್ ಎಸೆದ, 65 ಯಾರ್ಡ್ ಎಸೆದ ಎಂಬುದೇ ದೊಡ್ಡ ಸಂಗತಿ. ಪಂದ್ಯದಲ್ಲಿ ಅಷ್ಟು ಉದ್ದದ ಎಸೆತ ಬೇಕಾಗುವುದೇ ಅಪರೂಪ. ತೋಳಿನ ನಿಜವಾದ ಪರೀಕ್ಷೆ ನಡೆಯುವುದು ನೋಡಲು ಸಾಧಾರಣವೆನಿಸುವ ಔಟ್ ರೂಟ್‌ನಲ್ಲಿ (ಚೆಂಡು ಹಿಡಿಯುವ ರಿಸೀವರ್ ನೇರ ಓಡಿ ಅಂಚಿನತ್ತ ತಿರುಗುವ ದಾರಿ), ಅದೂ ಅಂಕಣದ ಆಚೆ ಬದಿಗೆ ಎಸೆಯುವಾಗ.

ಲೆಕ್ಕ ಹಾಕಿ ನೋಡಬಹುದು. ಎನ್‌ಎಫ್‌ಎಲ್ (ವೃತ್ತಿಪರ ಲೀಗ್) ಅಂಕಣದಲ್ಲಿ ಚೆಂಡು ಎಡ ಹ್ಯಾಷ್ ಗುರುತಿನ (ಆಟ ಶುರುವಿಗೆ ಚೆಂಡಿಡುವ ಜಾಗದ ಮಿತಿ ತೋರುವ ಎರಡು ಸಾಲು ಗುರುತುಗಳಲ್ಲಿ ಒಂದು) ಮೇಲಿದ್ದರೆ ಬಲ ಅಂಚು ಹೆಚ್ಚುಕಡಿಮೆ 30 ಯಾರ್ಡ್ ದೂರ. ರಿಸೀವರ್ 12 ಯಾರ್ಡ್ ಮುಂದೋಡಿ ಅಂಚಿನತ್ತ ತಿರುಗುತ್ತಾನೆ, ಕ್ವಾರ್ಟರ್‌ಬ್ಯಾಕ್ ಆಟ ಶುರುವಾದ ಗೆರೆಗಿಂತ 7 ಯಾರ್ಡ್ ಹಿಂದಿರುತ್ತಾನೆ. ಅಂಚಿಗಿಂತ ಒಂದೂವರೆ ಯಾರ್ಡ್ ಒಳಗೆ ಚೆಂಡು ಹಿಡಿಯುತ್ತಾನೆಂದುಕೊಂಡು ಓರೆಯಾಗಿ ಅಳೆದರೆ ಗಳಿಸುವ 12 ಯಾರ್ಡ್‌ಗೆ ಚೆಂಡು ಸುಮಾರು 34 ಯಾರ್ಡ್ ಹಾರಬೇಕು. ಗಾಳಿಯ ತಡೆ ಬಿಟ್ಟರೆ ಗಂಟೆಗೆ 60 ಮೈಲಿ ವೇಗದ ಎಸೆತಕ್ಕೆ 1.16 ಸೆಕೆಂಡ್, 50 ಮೈಲಿಯದಕ್ಕೆ 1.39 ಸೆಕೆಂಡ್ ಸಾಕು. ಈ ಕಾಲು ಸೆಕೆಂಡಿನ ವ್ಯತ್ಯಾಸದಲ್ಲಿ ರಿಸೀವರನ್ನು ಕಾಯುವ ಕಾರ್ನರ್‌ಬ್ಯಾಕ್ ಒಂದೂವರೆ ಯಾರ್ಡ್ ನುಗ್ಗಿಬಿಡುತ್ತಾನೆ. ಚೆಂಡು ಅವನ ಕೈ ಸೇರಿದರೆ ಎದುರಿಗೆ ಯಾರೂ ಇರುವುದಿಲ್ಲ, ಕೊನೆಯ ಗೆರೆ ದಾಟಿ ನೇರ ಟಚ್‌ಡೌನ್. ಕಾಲೇಜು ಅಂಕಣದಲ್ಲಿ ಹ್ಯಾಷ್ ಗುರುತುಗಳ ನಡುವಿನ ಅಂತರ ಇನ್ನೂ ಹೆಚ್ಚಾದ್ದರಿಂದ ಇದೇ ಎಸೆತ ಮತ್ತೆ ಮೂರು ಯಾರ್ಡ್ ಉದ್ದವಾಗುತ್ತದೆ.

ಆ ಎಸೆತ ಕೈಲಾಗದು ಎಂದು ಎದುರಾಳಿಗೆ ಗೊತ್ತಾದರೆ ಮುಗಿಯಿತು. ಒಬ್ಬ ಸೇಫ್ಟಿ (ರಕ್ಷಣೆಯ ಕಟ್ಟಕಡೆಯ ಸಾಲಿನವ) ಮುಂದೆ ಬಂದು ಓಟ ತಡೆಯಲು ಎಂಟನೆಯವನಾಗಿ ನಿಲ್ಲುತ್ತಾನೆ, ಕಾರ್ನರ್‌ಗಳು ಗಿಡ್ಡ ರೂಟ್‌ಗಳ ಮೇಲೆ ಕಾದು ಕೂರುತ್ತಾರೆ. ಬಲವಾದ ತೋಳಿಗೆ ಹೆದರಿ ಇಬ್ಬರು ಸೇಫ್ಟಿಗಳೂ ಹಿಂದೆ ಉಳಿದರೆ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ಗೆ ದಾರಿ ಸುಲಭ. ಎಂದರೆ, ಎಸೆಯದೆಯೇ ಆ ತೋಳು ಓಟದ ಆಟಕ್ಕೆ ನೆರವಾಗುತ್ತದೆ.

ಹಾಗೆಂದು ತೋಳು ಸೋತರೆ ತಂಡ ಸೋಲಲೇಬೇಕೆಂದಿಲ್ಲ. ಸಿನ್ಸಿನಾಟಿ ಬೆಂಗಾಲ್ಸ್‌ನ ಗ್ರೆಗ್ ಕುಕ್ 1969ರಲ್ಲಿ ಭುಜಕ್ಕೆ ಪೆಟ್ಟು ಮಾಡಿಕೊಂಡು 1970ರಲ್ಲಿ ಆಡಲಾಗದೆ ಹೋದಾಗ ಸಹಾಯಕ ಕೋಚ್ ಬಿಲ್ ವಾಲ್ಷ್‌ಗೆ ಉಳಿದದ್ದು ವರ್ಜಿಲ್ ಕಾರ್ಟರ್: ತೋಳು ಸಾಧಾರಣ, ಗುರಿ ನಿಖರ. ವಾಲ್ಷ್ ಗಿಡ್ಡ, ಅಡ್ಡ ಎಸೆತಗಳ ಆಟವನ್ನೇ ಹೊಸದಾಗಿ ಹೆಣೆದರು. ಕ್ವಾರ್ಟರ್‌ಬ್ಯಾಕ್ ಮೂರು ಅಥವಾ ಐದು ಹೆಜ್ಜೆ ಹಿಂದೆ, ಕಾಲೂರಿದೊಡನೆ ಎಸೆತ. ರಿಸೀವರ್ ತಿರುಗುವ ಮುನ್ನವೇ ಚೆಂಡು ಕೈಬಿಟ್ಟಿರಬೇಕು. ತಿರುಗಿದ್ದನ್ನು ನೋಡಿ ಎಸೆದರೆ ತಡವಾಯಿತು. ಕ್ವಾರ್ಟರ್‌ಬ್ಯಾಕ್‌ನನ್ನು ಬದಿಗೆ ಓಡಿಸಿ ಎಸೆಸುವುದೂ ಒಂದು ಉಪಾಯ, ಅಡ್ಡ ದೂರ ಕಡಿಮೆಯಾಗುತ್ತದೆ. ಆದರೆ ಅಂಕಣದ ಅರ್ಧ ಭಾಗವನ್ನು ಕೈಬಿಟ್ಟಂತೆ, ಪದೇ ಪದೇ ಮಾಡಿದರೆ ರಕ್ಷಣೆಯೂ ಅತ್ತಲೇ ವಾಲುತ್ತದೆ.

ಗಟ್ಟಿ ತೋಳಿನವರ ಕಾಯಿಲೆಯೇ ಬೇರೆ. ಹೇಗೂ ತಲುಪಿಸುತ್ತೇನೆಂಬ ಧೈರ್ಯದಲ್ಲಿ ಚೆಂಡು ಹಿಡಿದುಕೊಂಡೇ ನಿಂತು ಸ್ಯಾಕ್ ಆಗುತ್ತಾರೆ, ಎಂದರೆ ಎಸೆಯುವ ಮುನ್ನವೇ ಎದುರಾಳಿ ಉರುಳಿಸುತ್ತಾನೆ. ಐದು ಯಾರ್ಡ್‌ನ ಎಸೆತವನ್ನೂ ಪೂರ್ತಿ ಬಲದಿಂದ ಬೀಸಿದರೆ ಅದು ರಿಸೀವರ್‌ನ ಕೈಗೆ ಬಡಿದು ಪುಟಿದು ಎದುರಾಳಿಯ ಕೈ ಸೇರಿ ಇಂಟರ್‌ಸೆಪ್ಷನ್ ಆಗುತ್ತದೆ. ಜೊತೆಗೆ, ಎಸೆತದ ಬಲ ಬಹುಪಾಲು ಹುಟ್ಟುವುದು ಕಾಲು ಮತ್ತು ಸೊಂಟದಲ್ಲಿ. ಎದುರಾಳಿ ಮೈಮೇಲೆ ಬಂದಾಗ ಮುಂಗಾಲು ಊರಲಾಗದಿದ್ದರೆ ಎಂಥ ತೋಳೂ ಅರ್ಧಕ್ಕಿಳಿಯುತ್ತದೆ. 2007ರ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ) ತೋಳಿನ ಹೆಸರಿನ ಮೇಲೆ ಮೊದಲಿಗನಾಗಿ ಆಯ್ಕೆಯಾದ ಜಮಾರ್ಕಸ್ ರಸೆಲ್‌ನನ್ನು ರೈಡರ್ಸ್ ತಂಡ 2010ರಲ್ಲೇ ಕೈಬಿಟ್ಟಿತು. ಅತ್ತ ತೋಳಿನ ಬಲ ಕುಂದಿದ್ದ ಪೇಟನ್ ಮ್ಯಾನಿಂಗ್ 2015ರ ಋತುವಿನಲ್ಲಿ 9 ಟಚ್‌ಡೌನ್‌ಗೆ 17 ಇಂಟರ್‌ಸೆಪ್ಷನ್ ಕೊಟ್ಟರೂ ಡೆನ್ವರ್ ಬ್ರಾಂಕೋಸ್ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದಿತು, ಮುಖ್ಯವಾಗಿ ರಕ್ಷಣೆಯ ಬಲದಿಂದ.

ಆದ್ದರಿಂದ ವರದಿಗಾರರಲ್ಲಿ ಒಂದು ವಿನಂತಿ. ಎಷ್ಟು ಯಾರ್ಡ್ ಎಂಬುದರ ಜೊತೆಗೆ ಚೆಂಡು ಯಾವ ಹ್ಯಾಷ್ ಮೇಲಿತ್ತು, ಎಸೆತ ಯಾವ ಅಂಚಿಗೆ ಹೋಯಿತು, ಸೇಫ್ಟಿಗಳು ಎಲ್ಲಿ ನಿಂತಿದ್ದರು ಎಂಬುದನ್ನೂ ಒಂದು ಸಾಲಿನಲ್ಲಿ ಬರೆಯಲಿ.

ಇತಿ,
ಒಬ್ಬ ಓದುಗ