ಬಣ್ಣ ಕೊಳ್ಳುವ ಮೊದಲು ಕಾಗದ ನೋಡಿ

ಮಾನ್ಯ ಸಂಪಾದಕರೇ,

ಬಣ್ಣ, ಕಾಗದದ ಚೂರು, ಬಟ್ಟೆ, ಒಣಗಿದ ಎಲೆ, ಕೈಬರಹ ಎಲ್ಲವನ್ನೂ ಒಂದೇ ಪುಟದಲ್ಲಿ ಕೂಡಿಸುವ ‘ಮಿಕ್ಸೆಡ್ ಮೀಡಿಯಾ ಆರ್ಟ್ ಜರ್ನಲ್’ ಹವ್ಯಾಸದ ಬಗ್ಗೆ ವಾರದ ಪುರವಣಿಗಳಲ್ಲಿ ಆಗಾಗ ಬರಹಗಳು ಬರುತ್ತಿವೆ. ಸಂತೋಷ. ಆದರೆ ಹೆಚ್ಚಿನವು ‘ಮನಸ್ಸಿಗೆ ಬಂದದ್ದು ಅಂಟಿಸಿ, ಇಲ್ಲಿ ನಿಯಮವೇ ಇಲ್ಲ’ ಎಂದು ಹೇಳಿ ಕೈ ತೊಳೆದುಕೊಳ್ಳುತ್ತವೆ. ಏನು ಬಿಡಿಸಬೇಕು ಎಂಬುದಕ್ಕೆ ನಿಯಮವಿಲ್ಲ, ಒಪ್ಪೋಣ. ಯಾವುದರ ಮೇಲೆ ಯಾವುದು ನಿಲ್ಲುತ್ತದೆ ಎಂಬುದಕ್ಕೆ ಇದೆ. ಅದನ್ನು ಯಾರೂ ಹೇಳದ ಕಾರಣ, ಬೇಸಿಗೆ ರಜೆಯಲ್ಲಿ ಶುರುವಾದ ಪುಸ್ತಕ ಮಳೆಗಾಲ ಮುಗಿಯುವಷ್ಟರಲ್ಲಿ ಬಿಡಿಸಲಾಗದ ಹಾಗೆ ಅಂಟಿಕೊಂಡಿರುತ್ತದೆ. ದುಬಾರಿ ಕಿಟ್ ಕೊಂಡವರದೂ ಇದೇ ಕತೆ.

ಮೊದಲು ಕಾಗದ. ಸಾಮಾನ್ಯ ನೋಟ್‌ಬುಕ್ಕಿನ ಹಾಳೆ 60–70 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ಇರುತ್ತದೆ; ಒದ್ದೆ ಬ್ರಷ್ ತಾಗಿದೊಡನೆ ಸೊಟ್ಟಗಾಗುತ್ತದೆ, ಹಿಂದಿನ ಪುಟಕ್ಕೂ ಬಣ್ಣ ಇಳಿಯುತ್ತದೆ. 200 ಜಿಎಸ್‌ಎಂಗಿಂತ ಕಡಿಮೆ ಬೇಡ, ನೀರು ಹೆಚ್ಚು ಬಳಸುವವರಿಗೆ 300 ಇರಲಿ. ಮನೆಯಲ್ಲಿ ಹಳೆಯ ಹೊಲಿಗೆ ಬೈಂಡಿಂಗ್‌ನ ಲೆಕ್ಕದ ಪುಸ್ತಕವಿದ್ದರೆ ಅದೂ ಸಾಕು: ಎರಡೆರಡು ಹಾಳೆಗಳನ್ನು ತೆಳುವಾದ ಅಂಟಿನಿಂದ ಸೇರಿಸಿ, ಆಚೆ ಈಚೆ ಬಟರ್ ಪೇಪರ್ ಇಟ್ಟು, ರಾತ್ರಿಯಿಡೀ ಭಾರ ಹೇರಿ. ಅಂಟಿಸುತ್ತ ಹೋದಂತೆ ಪುಸ್ತಕ ಉಬ್ಬಿ ರಟ್ಟು ಬಾಯಿ ತೆರೆಯುತ್ತದೆ; ಆದ್ದರಿಂದ ಶುರುವಿನಲ್ಲೇ ಪ್ರತಿ ಮೂರನೆಯ ಹಾಳೆಯನ್ನು ತೆಗೆಯಬೇಕು. ಬುಡಕ್ಕೆ ಹರಿಯಬೇಡಿ. ಹೊಲಿದ ಪುಸ್ತಕದಲ್ಲಿ ಆ ಹಾಳೆಯ ಇನ್ನರ್ಧ ಹೊಲಿಗೆಯ ಆಚೆ ಕಡೆ ಇರುತ್ತದೆ, ಇದು ಹೋದರೆ ಅದೂ ಕಳಚುತ್ತದೆ. ಬೆನ್ನಿನ ಹತ್ತಿರ ಒಂದೂವರೆ ಸೆಂ.ಮೀ. ಪಟ್ಟಿ ಉಳಿಸಿ ಸ್ಕೇಲ್ ಇಟ್ಟು ಕತ್ತರಿಸಿ. ಉಳಿದ ಆ ಪಟ್ಟಿಯೇ ಮುಂದೆ ಅಂಟಿಸುವ ವಸ್ತುಗಳ ದಪ್ಪಕ್ಕೆ ಜಾಗ ಮಾಡಿಕೊಡುತ್ತದೆ.

ಇನ್ನು ಅಂಟಿಸುವ ಕಾಗದ. ಇದೇ ಪತ್ರಿಕೆಯ ಒಂದು ಹಾಳೆಯನ್ನು ಮೇಲಿನಿಂದ ಕೆಳಗೆ ಹರಿದು ನೋಡಿ, ಪಟ್ಟಿ ಹೆಚ್ಚುಕಡಿಮೆ ನೇರವಾಗಿ ಬರುತ್ತದೆ. ಅಡ್ಡಕ್ಕೆ ಹರಿದರೆ ಹೇಗೆ ಹೇಗೋ ಓಡುತ್ತದೆ. ಕಾಗದ ತಯಾರಾಗುವಾಗ ನಾರುಗಳು ಯಂತ್ರ ಓಡಿದ ದಿಕ್ಕಿಗೆ ಮಲಗಿರುವುದು ಇದಕ್ಕೆ ಕಾರಣ. ಒದ್ದೆಯಾದಾಗ ಪ್ರತಿ ನಾರು ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಹಿಗ್ಗುತ್ತದೆ. ಹಾಗಾಗಿ ಅಂಟಿಸುವ ಚೂರಿನ ನಾರು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿದ್ದರೆ ಪುಟ ಸುಲಭವಾಗಿ ಮಡಚಿಕೊಳ್ಳುತ್ತದೆ. ಅಡ್ಡವಾಗಿದ್ದರೆ ಬೆನ್ನಿನ ಬಳಿ ಸುಕ್ಕು ಬೀಳುತ್ತದೆ. ಪತ್ರಿಕೆಯ ಶಾಯಿ ಕಾಗದಕ್ಕೆ ಇಂಗಿರುತ್ತದೆಯೇ ಹೊರತು ಗಟ್ಟಿಯಾಗಿ ಕೂತಿರುವುದಿಲ್ಲ. ಬೆಳಿಗ್ಗೆ ಪೇಪರ್ ಓದಿದವರ ಬೆರಳೇ ಇದಕ್ಕೆ ಸಾಕ್ಷಿ. ಅದರ ಮೇಲೆ ಅಂಟಿನ ಬ್ರಷ್ ಹಿಂದೆ ಮುಂದೆ ಉಜ್ಜಿದರೆ ಪುಟ ಬೂದು ಬಣ್ಣಕ್ಕೆ ತಿರುಗುತ್ತದೆ. ಒಂದೇ ದಿಕ್ಕಿಗೆ, ಒಂದೇ ಸಲ ಎಳೆದು ಬಿಟ್ಟುಬಿಡಿ. ಮರದ ತಿರುಳಿನಲ್ಲಿ ಉಳಿದ ಲಿಗ್ನಿನ್ ಎಂಬ ಅಂಶದಿಂದ ಈ ಕಾಗದ ಕೆಲವೇ ತಿಂಗಳಲ್ಲಿ ಹಳದಿಯಾಗುತ್ತದೆ, ಮೇಲೆ ಏನು ಬಳಿದರೂ ಹಳದಿಯಾಗುವುದು ನಿಲ್ಲುವುದಿಲ್ಲ. ಉಳಿಯಲೇಬೇಕಾದ ಸುದ್ದಿ ಚೂರಿದ್ದರೆ ಒಳ್ಳೆಯ ಬಿಳಿ ಕಾಗದದ ಮೇಲೆ ಜೆರಾಕ್ಸ್ ತೆಗೆಸಿ ಅಂಟಿಸಿ. ಜೆರಾಕ್ಸ್ ಮತ್ತು ಲೇಸರ್ ಪ್ರಿಂಟ್‌ನ ಟೋನರ್ ನೀರಿಗೆ ಕರಗದು, ಇಂಕ್‌ಜೆಟ್ ಪ್ರಿಂಟ್ ಹೆಚ್ಚಾಗಿ ಕರಗಿ ಹರಡುತ್ತದೆ.

ಬಸ್ ಟಿಕೆಟ್, ಹೋಟೆಲ್ ಬಿಲ್‌ಗಳನ್ನು ನೆನಪಿಗೆಂದು ಅಂಟಿಸುವವರು ಬಹಳ. ಕಂಡಕ್ಟರ್ ಯಂತ್ರದಿಂದ ಹರಿದು ಕೊಡುವ ಟಿಕೆಟ್‌ನಲ್ಲಿ ಶಾಯಿಯೇ ಇಲ್ಲ. ಅದು ಶಾಖಕ್ಕೆ ಕಪ್ಪಾಗುವ ಥರ್ಮಲ್ ಕಾಗದ. ಪುಟ ಬೇಗ ಒಣಗಲಿ ಎಂದು ಹೇರ್ ಡ್ರೈಯರ್ ಹಿಡಿದರೆ ಟಿಕೆಟ್ ಪೂರ್ತಿ ಕಪ್ಪಾಗಬಹುದು, ಹಿಡಿಯದೆ ಬಿಟ್ಟರೂ ಅಕ್ಷರ ಕಾಲಕ್ರಮೇಣ ಮಾಸಿಹೋಗುತ್ತದೆ. ಇದಕ್ಕೂ ಜೆರಾಕ್ಸೇ ಮದ್ದು.

ಬಣ್ಣಕ್ಕೆ ಮೊದಲಿನ ತಳಪದರವೇ ಗೆಸ್ಸೋ. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯಲ್ಲಿ ಚಿನ್ನದ ರೇಕಿನ ಕೆಳಗೆ ಉಬ್ಬು ಕೆಲಸಕ್ಕೆ ಬಳಸುವುದೂ ಗೆಸ್ಸೋ ಜಾತಿಯದೇ, ಪಾಕ ಮಾತ್ರ ಬೇರೆ. ಹಳೆಯ ಪಾಕದಲ್ಲಿ ಸೀಸದ ಬಿಳಿ ಇರುತ್ತಿತ್ತು, ಅದು ವಿಷ. ಮನೆಯಲ್ಲಿ ಅದರ ಪ್ರಯೋಗ ಬೇಡವೇ ಬೇಡ. ಅಂಗಡಿಯ ಡಬ್ಬಿ ದುಬಾರಿ ಎನಿಸಿದರೆ ಹೀಗೆ ಮಾಡಿ: ತೆಳು ಬಟ್ಟೆಯಲ್ಲಿ ಜರಡಿ ಹಿಡಿದ ಚಾಕ್ ಪುಡಿ ಎರಡು ಚಮಚ, ಅದನ್ನು ಗಂಟಿಲ್ಲದಂತೆ ಕಲಸಲು ಬೇಕಾದಷ್ಟೇ ನೀರು, ಆಮೇಲೆ ಬಿಳಿ ಫೆವಿಕಾಲ್ ಒಂದು ಚಮಚ, ಬಿಳಿ ಅಕ್ರಿಲಿಕ್ ಬಣ್ಣ ಎರಡು ಚಮಚ. ದೋಸೆ ಹಿಟ್ಟಿನ ಹದ ಸಾಕು. ಪುಡಿ ಹೆಚ್ಚಾದರೆ ಪುಟ ಬಾಗಿದಾಗ ಬಿರುಕು ಬಿಟ್ಟು ಉದುರುತ್ತದೆ. ಅಂಟು ಹೆಚ್ಚಾದರೆ ಮೇಲ್ಮೈ ಹೊಳಪಾಗಿ ಜಲವರ್ಣ ನಿಲ್ಲದೆ ಹನಿಹನಿಯಾಗಿ ಜಾರುತ್ತದೆ. ಚಾಕ್ ಬದಲು ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕುವ ಸಲಹೆ ಎಲ್ಲೆಡೆ ಇದೆ. ಅದು ಬಟ್ಟಲಲ್ಲೇ ಗಟ್ಟಿಯಾಗಲು ಶುರುವಾಗುತ್ತದೆ, ಉಳಿದದ್ದನ್ನು ಸಿಂಕಿಗೆ ಚೆಲ್ಲಿದರೆ ಪ್ಲಂಬರ್‌ಗೆ ಕೆಲಸ. ಒಂದು ದಪ್ಪ ಪದರಕ್ಕಿಂತ ಎರಡು ತೆಳು ಪದರ ಲೇಸು, ಮೊದಲನೆಯದು ಉದ್ದಕ್ಕೆ, ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ.

ಆಮೇಲಿನ ಕ್ರಮ: ಕಾಗದ–ಬಟ್ಟೆ ಅಂಟಿಸುವುದು, ತೆಳುವಾದ ಅಕ್ರಿಲಿಕ್, ಬಣ್ಣದ ಪೆನ್ಸಿಲ್, ಶಾಯಿ, ಕೊನೆಗೆ ಆಯಿಲ್ ಪೇಸ್ಟಲ್. ನೀರಿನ ಬಣ್ಣ ಎಣ್ಣೆಯ ಮೇಲೆ ಹಿಡಿಯದು. ಆಯಿಲ್ ಪೇಸ್ಟಲ್ ಮೇಲೆ ಬಳಿದ ಅಕ್ರಿಲಿಕ್ ಒಣಗಿದಂತೆ ಕಂಡರೂ ಉಗುರು ತಾಗಿದರೆ ಸಿಪ್ಪೆಯಂತೆ ಎದ್ದು ಬರುತ್ತದೆ. ಬೇಕೆಂದೇ ಮೇಣದ ಕ್ರೆಯಾನ್‌ನಲ್ಲಿ ಗೆರೆ ಎಳೆದು ಮೇಲೆ ಜಲವರ್ಣ ಹರಿಸುವುದು ಬೇರೆ ಮಾತು, ಅದು ಚಂದದ ತಂತ್ರ. ಜೆಲ್ ಪೆನ್ ಬರಹದ ಮೇಲೆ ಒದ್ದೆ ಬ್ರಷ್ ಹೋದರೆ ಹೆಚ್ಚಿನವು ಕರಗುತ್ತವೆ. ಬರೆದ ಮೇಲೆ ಬಣ್ಣ ಬಳಿಯುವುದಿದ್ದರೆ ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕ್ ಬೇಕು, ಅದೂ ಪೂರ್ತಿ ಒಣಗಿರಬೇಕು.

ಅಂಟನ್ನು ಹಳೆಯ ಎಟಿಎಂ ಕಾರ್ಡ್‌ನಿಂದ ಚೂರಿನ ಹಿಂಬದಿಗೆ ಅಂಚಿನವರೆಗೂ ತೆಳುವಾಗಿ ಎಳೆದು, ಅಂಟಿಸಿದ ಮೇಲೆ ನಡುವಿನಿಂದ ಅಂಚಿಗೆ ಒತ್ತಿದರೆ ಗುಳ್ಳೆ ಉಳಿಯುವುದಿಲ್ಲ. ಮೈದಾ ಅಂಟು ಅಗ್ಗ ನಿಜ, ಆದರೆ ಜಿರಲೆಗೆ ಅದೇ ಊಟ. ಹುಳು ಬಾರದಂತೆ ಬೈಂಡಿಂಗ್‌ನವರು ಅದಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್, ವಿಷ) ಬೆರೆಸುವುದುಂಟು. ಮಕ್ಕಳಿರುವ ಮನೆಯಲ್ಲಿ ಆ ಸಾಹಸ ಬೇಡ. ಹಳೆ ಸೀರೆಯ ತುಂಡಾದರೆ ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಒತ್ತಿ ಬಣ್ಣ ಬಿಡುತ್ತದೆಯೇ ನೋಡಿ. ಅಂಚಿಗೆ ನೀರು ಬೆರೆಸಿದ ಅಂಟು ಸವರಿ, ಒಣಗಿದ ಮೇಲೆ ಕತ್ತರಿಸಿದರೆ ನೂಲು ಬಿಚ್ಚುವುದಿಲ್ಲ. ಹಸಿ ಹೂವು–ಎಲೆಯನ್ನು ಎಂದೂ ನೇರವಾಗಿ ಅಂಟಿಸಬೇಡಿ, ಬೂಸ್ಟು ಖಂಡಿತ. ಅರಳಿ ಎಲೆಯ ಜಾಲ ಬೇಕಿದ್ದರೆ ಎರಡು–ಮೂರು ವಾರ ನೀರಲ್ಲಿ ಕೊಳೆಯಲು ಬಿಟ್ಟು, ಮೃದುವಾದ ಹಲ್ಲುಜ್ಜುವ ಬ್ರಷ್‌ನಿಂದ ತಿರುಳು ತೆಗೆಯಿರಿ. ವಾಸನೆ ತಡೆಯಲಾಗದು, ಹಿತ್ತಲಲ್ಲಿ ಮಾಡಿ.

ಪುಟಗಳು ಒಂದಕ್ಕೊಂದು ಕಚ್ಚಿಕೊಳ್ಳುವುದೇ ಎಲ್ಲಕ್ಕಿಂತ ದೊಡ್ಡ ತಾಪತ್ರಯ. ಅಕ್ರಿಲಿಕ್ ಒಣಗಿದರೂ ಮೆದು ಪ್ಲಾಸ್ಟಿಕ್ ಪದರವೇ. ಸೆಕೆಗೆ ಇನ್ನಷ್ಟು ಮೆದುವಾಗಿ, ಒತ್ತಡ ಬಿದ್ದರೆ ಎದುರಿನ ಪದರಕ್ಕೆ ಕೂಡಿಕೊಳ್ಳುತ್ತದೆ. ಮುಟ್ಟಿದರೆ ಕೈಗೆ ಹತ್ತದಷ್ಟು ಒಣಗಲು ಅರ್ಧ ಗಂಟೆ ಸಾಕು, ಒಳಗಿನವರೆಗೆ ಒಣಗಲು ದಿನಗಳೇ ಬೇಕು. ದಪ್ಪ ಪದರಕ್ಕೆ ಬಿಸಿಗಾಳಿ ಹೊಡೆದರೆ ಮೇಲೆ ಚರ್ಮಗಟ್ಟಿ ಒಳಗೆ ಹಸಿಯೇ ಉಳಿಯುತ್ತದೆ. ಹೊಳಪಿನ ವಾರ್ನಿಷ್ ಹೆಚ್ಚು ಅಂಟುತ್ತದೆ, ಮ್ಯಾಟ್ ಕಡಿಮೆ. ಪೂರ್ತಿ ಒಣಗಿದ ಪುಟಕ್ಕೆ ಚಿಟಿಕೆ ಟಾಲ್ಕಂ ಪೌಡರ್ ಸವರಿ ಒರೆಸಬಹುದು. ಮೇಣದಬತ್ತಿ ಹಗುರಾಗಿ ಉಜ್ಜಿ ಬಟ್ಟೆಯಿಂದ ತಿಕ್ಕುವುದು ಇನ್ನೂ ಖಾತ್ರಿ, ಆದರೆ ಆಮೇಲೆ ಆ ಪುಟದ ಮೇಲೆ ಬೇರೆ ಬಣ್ಣ ಹಿಡಿಯದು. ಪುಟಗಳ ನಡುವೆ ಬಟರ್ ಪೇಪರ್ ಇರಲಿ. ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಸ್ತಕವನ್ನು ಬೇರೆ ಪುಸ್ತಕಗಳ ಕೆಳಗೆ ಮಲಗಿಸದೆ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿದ ಡಬ್ಬಿಯಲ್ಲಿ ನಿಲ್ಲಿಸಿಡಬೇಕು.

ಪುರವಣಿಯಲ್ಲಿ ಇಂಥ ಪುಟಗಳ ಚಿತ್ರ ಅಚ್ಚು ಹಾಕುವಾಗ ಕಾಗದದ ಜಿಎಸ್‌ಎಂ, ಬಳಸಿದ ಅಂಟು, ಪದರಗಳ ಕ್ರಮ, ಒಣಗಲು ಬಿಟ್ಟ ಅವಧಿ ಇಷ್ಟನ್ನು ಚಿತ್ರದ ಕೆಳಗೆ ಎರಡು ಸಾಲಿನಲ್ಲಿ ಕೊಡಬೇಕೆಂದು ಕೋರಿಕೆ.

– ಚಿತ್ರಕಲಾ ಶಿಕ್ಷಕರು, ಶಿವಮೊಗ್ಗ