ಆಷಾಢದಲ್ಲೇ ಅಂಗಳಕ್ಕೆ ಇಳಿ

ಚಿ. ರಘುವಿಗೆ ಅತ್ತೆಯ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ಹಾಸನದಲ್ಲಿ ಮಳೆ ಬಿಡುತ್ತಲೇ ಇಲ್ಲ, ಒಗೆದ ಬಟ್ಟೆ ಮೂರು ದಿನ ಆದರೂ ಒಣಗಲ್ಲ. ನಿಮ್ಮ ಮಾವನಿಗೆ ಅದೇ ದೊಡ್ಡ ಸುದ್ದಿ.

ಮೈಸೂರಿನ ಮನೆ ಮಾರುತ್ತೇನೆ ಅಂತ ನೀನು ಫೋನಿನಲ್ಲಿ ಹೇಳಿದಾಗ ನಾನು ಸುಮ್ಮನಾಗಿಬಿಟ್ಟೆ. ಕೋಪ ಅಲ್ಲ ಕಣೋ. ಅಣ್ಣ, ಅತ್ತಿಗೆ ಇಬ್ಬರೂ ಇಲ್ಲದ ಮನೆಗೆ ನೀನು ಬೆಂಗಳೂರಿನಿಂದ ತಿಂಗಳಿಗೊಂದು ಸಲ ಬಂದು, ಬೀಗ ತೆಗೆದು, ಧೂಳು ಹೊಡೆದು, ಮತ್ತೆ ಬೀಗ ಹಾಕಿಕೊಂಡು ಹೋಗುವುದು ಎಷ್ಟು ದಿನ? ಮಾರು. ಆದರೆ ಬ್ರೋಕರ್ ಹೇಳಿದ ಅಂತ ಲಾನ್ ಹಾಕಿಸ್ತೀನಿ, ಹಲಸಿನ ಮರ ತೆಗೆಸ್ತೀನಿ ಅಂದೆಯಲ್ಲ, ಅದಕ್ಕೇ ಈ ಕಾಗದ.

ಈಗ ಆಷಾಢ. ಮನೆ ನೋಡೋಕೆ ಬರುವವರು ಕಡಿಮೆ, ಬಂದರೂ ಅಡ್ವಾನ್ಸ್ ಮಾತು ಶ್ರಾವಣಕ್ಕೆ ತಳ್ಳುತ್ತಾರೆ. ನಿನಗೆ ಅದು ಒಳ್ಳೆಯದೇ. ಒಂದು ತಿಂಗಳು ಕೈಯಲ್ಲಿದೆ, ಮಣ್ಣು ಮೆತ್ತಗಿದೆ, ಕಳೆ ಬೇರು ಸಮೇತ ಬರುತ್ತದೆ.

ನಮ್ಮದು 40x60 ಸೈಟು, ಹಳೇ ಮನೆ. ಬರುವವರಲ್ಲಿ ಎಷ್ಟೋ ಜನಕ್ಕೆ ಮನೆ ಬೇಡ, ಕೆಡವಿ ಹೊಸದು ಕಟ್ಟುತ್ತಾರೆ. ಅವರಿಗೆ ನಿನ್ನ ಲಾನು ಕಣ್ಣಿಗೇ ಬೀಳಲ್ಲ. ಉಳಿದವರು ವಾಸಕ್ಕೆ ಬರುವವರು. ಇಬ್ಬರೂ ನೋಡುವುದು ಒಂದೇ: ಜಾಗ ಎಲ್ಲಿಂದ ಎಲ್ಲಿವರೆಗೆ, ನೀರು ನಿಲ್ಲುತ್ತದಾ. ನಿನ್ನ ದುಡ್ಡು, ಕೆಲಸ ಎಲ್ಲ ಅಲ್ಲಿಗೇ ಹೋಗಲಿ. ಲಾನಿಗೆ ಬಿಸಿಲು ಬೇಕು, ದಿನಾ ನೀರು ಬೇಕು. ಹಲಸಿನ ನೆರಳಲ್ಲಿ ಅದು ಹಳದಿಯಾಗುತ್ತೆ. ಬೀಗ ಹಾಕಿದ ಮನೆಯಲ್ಲಿ ಮಳೆ ನಿಂತ ಮೇಲೆ ನೀರು ಬಿಡುವವರು ಯಾರು?

ಮೊದಲು ಹಿತ್ತಲು ಖಾಲಿ ಮಾಡಿಸು. ಮುರಿದ ಪ್ಲಾಸ್ಟಿಕ್ ಕುರ್ಚಿ, ತೂತು ಬಿದ್ದ ಹಂಡೆ, ಅಣ್ಣ "ಬೇಕಾಗುತ್ತೆ" ಅಂತ ಇಟ್ಟ ಕಬ್ಬಿಣದ ಕಿಟಕಿ, ಎಲ್ಲ ಗುಜರಿಗೆ. ಬಚ್ಚಲ ಗೋಡೆಗೆ ಒರಗಿಸಿದ ಒಣ ಗರಿಗಳ ರಾಶಿ ಇದೆಯಲ್ಲ, ಅದನ್ನು ಕೋಲಿನಿಂದ ಬಡಿದು ಆಮೇಲೆ ಎತ್ತಿಸು. ಹಿಂದೊಂದು ಸಲ ಅದರಡಿಯಿಂದ ಕೆರೆಹಾವು ಹೊರಟು ಅತ್ತಿಗೆ ತುಳಸಿ ಕಟ್ಟೆ ಹತ್ತಿ ನಿಂತಿದ್ದರು. ಚಿಪ್ಪು, ಹಳೇ ಕುಂಡ, ಟೈರು, ಯಾವುದರಲ್ಲೂ ನೀರು ಉಳಿಯಬಾರದು. ಡೆಂಗ್ಯೂ ಸೊಳ್ಳೆಗೆ ಒಂದು ಚಿಪ್ಪು ನೀರು ಸಾಕು, ವಾರ ಹತ್ತು ದಿನದಲ್ಲಿ ಮರಿ ಹಾರುತ್ತೆ. ಕಾಂಗ್ರೆಸ್ ಗಿಡ ಹೂ ಬಿಡುವ ಮೊದಲೇ ಕೀಳಿಸು. ಒಂದೊಂದು ಗಿಡ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ. ಕೀಳುವವರಿಗೆ ಕೈಗವಸು ಕೊಡು, ಮೈಯೆಲ್ಲ ತುರಿಕೆ ಏಳುತ್ತದೆ. ತಾರಸಿಯ ಅಂಚಿನ ಬಿರುಕಿನಲ್ಲಿ ಅಶ್ವತ್ಥದ ಸಸಿ ಬಂದಿದ್ದರೆ ಅದೂ ಈಗಲೇ. ಬಲಿತ ಮೇಲೆ ಅದನ್ನು ಕೀಳೋಕೆ ಯಾರೂ ಒಪ್ಪಲ್ಲ.

ಇನ್ನು ನೀರಿನ ವಿಷಯ. ಇದನ್ನು ನಾನು ಕೈ ಸುಟ್ಟುಕೊಂಡು ಕಲಿತವಳು. ಇಲ್ಲಿಯ ನಮ್ಮ ಹಳೇ ಮನೆ ಮಾರುವಾಗ "ಎರಡು ಕಾರು ನಿಲ್ಲುತ್ತೆ" ಅಂತ ಅಂಗಳ ಪೂರ್ತಿ ಪೇವರ್ ಹಾಕಿಸಿದೆವು. ಕೆಲಸದವನು ಮಟ್ಟ ನೋಡದೆ ಜೋಡಿಸಿ ಹೋದ. ನೋಡೋದಕ್ಕೆ ಏನು ಚಂದ! ಕೊಳ್ಳುವವರು ಬಂದದ್ದು ಜೋರು ಮಳೆಯ ಸಂಜೆ. ಗೇಟಿನಿಂದ ನೀರು ಸೀದಾ ಮೆಟ್ಟಿಲಿಗೆ ಬಂತು. ಆ ಮನುಷ್ಯ ಚಪ್ಪಲಿ ಕೈಯಲ್ಲಿ ಹಿಡಿದು ಹೊಸ್ತಿಲ ಮೇಲೆ ನಿಂತಿದ್ದ, ಅವನ ಹೆಂಡತಿ ಕಾರಿನಿಂದ ಇಳಿಯಲೇ ಇಲ್ಲ. ಮಾತು ಅಲ್ಲಿಗೇ ಮುಗಿಯಿತು. ಮುಂದೆ ಬೇರೆಯವರಿಗೆ ಕೊಡುವಾಗ ಪೇವರ್ ಅರ್ಧ ಕಿತ್ತು ಹಾಕಿಸಬೇಕಾಯಿತು.

ಹಾಗಾಗಿ ಈ ಸಲ ಬಂದಾಗ ಮಳೆ ಬರುವವರೆಗೂ ಕಾದು, ಕೊಡೆ ಹಿಡಿದು ಅಂಗಳದಲ್ಲಿ ನಿಲ್ಲು. ನೀರು ಎಲ್ಲಿ ಮಡುಗಟ್ಟುತ್ತೆ ನೋಡಿ, ಅಲ್ಲೊಂದು ಗೂಟ ಹೊಡಿ. ಗೋಡೆಯಿಂದ ಹತ್ತಡಿ ದೂರಕ್ಕೆ ಐದಾರು ಅಂಗುಲ ಇಳಿಯುವ ಹಾಗೆ ಕೆಮ್ಮಣ್ಣು ಹಾಕಿಸಿ ದಮ್ಮಸ್ಸು ಮಾಡಿಸು. ಮಣ್ಣು ಪಾಯದ ಕಲ್ಲನ್ನು ಮುಚ್ಚಬಾರದು, ಮುಚ್ಚಿದರೆ ಒಳಗಿನ ಗೋಡೆಗೆ ತೇವ ಏರುತ್ತದೆ. ಚರಂಡಿ ಕಡೆ ಒಂದು ಸಣ್ಣ ಕಾಲುವೆ ತೆಗೆಸು. ಸಂಪಿನ ಮುಚ್ಚಳ ಸರಿಯಾಗಿ ಕೂರುತ್ತದಾ ನೋಡು. ನಮ್ಮ ಸಂಪು ಈಶಾನ್ಯದಲ್ಲೇ ಇದೆ, ವಾಸ್ತು ಕೇಳುವವರಿಗೆ ಮೊದಲು ಅದನ್ನೇ ತೋರಿಸು. ನನಗೆ ಅದರಲ್ಲಿ ನಂಬಿಕೆ ಅಷ್ಟಕ್ಕಷ್ಟೇ, ಆದರೆ ಕೊಳ್ಳುವವರಿಗೆ ಇರುತ್ತೆ.

ಹಲಸಿನ ಮರ ಕಡಿಸಬೇಡ. ನಮ್ಮ ಅಂಗಳದ್ದಾದರೂ ಮನಸ್ಸು ಬಂದಾಗ ಕೊಡಲಿ ಹಾಕುವ ಹಾಗಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ವಿನಾಯಿತಿ ಕೊಟ್ಟ ಕೆಲವು ಜಾತಿ ಬಿಟ್ಟರೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಬ್ರೋಕರ್ ಆ ವಿಷಯ ಹೇಳಿರಲ್ಲ, ಅಲ್ವಾ? ಮರ ಬೇಕೋ ಬೇಡವೋ ಕೊಳ್ಳುವವರು ತೀರ್ಮಾನ ಮಾಡಲಿ. ನೀನು ಒಣಗಿದ ಕೊಂಬೆ ತೆಗೆಸು, ತಾರಸಿಗೆ ತಾಗುವ ರೆಂಬೆ ಸವರಿಸು, ಸಾಕು. ತೆಂಗಿನ ಮರ ಹತ್ತುವವರನ್ನು ಕರೆಸಿ ಒಣಗರಿ, ಬಲಿತ ಕಾಯಿ ಎಲ್ಲ ಇಳಿಸಿಬಿಡು. ಬಂದವರ ಕಾರಿನ ಮೇಲೆ ಒಂದು ಕಾಯಿ ಬಿದ್ದರೆ ವ್ಯಾಪಾರ ಹೋಗಲಿ, ಗಾಜಿನ ದುಡ್ಡೂ ನೀನೇ ಕೊಡಬೇಕು. ನುಗ್ಗೆಯನ್ನು ಎದೆಮಟ್ಟಕ್ಕೆ ಸವರಿಸು, ಚಿಗುರುತ್ತದೆ.

ಪಕ್ಕದ ಕಾಂಪೌಂಡಿಗೆ ಹಬ್ಬಿದ ಬಳ್ಳಿ ಪೂರ್ತಿ ಬಿಡಿಸು. ಟೇಪು ಹಿಡಿಯುವವನಿಗೆ ನಾಲ್ಕು ಮೂಲೆಯೂ ಕಾಣಬೇಕು. ಬಳ್ಳಿ ಗೋಡೆ ಮುಚ್ಚಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸುತ್ತದೆ. ಗೇಟಿನ ತುಕ್ಕು ಉಜ್ಜಿಸಿ ಬಣ್ಣ ಹೊಡೆಸು, ಕೀಲಿಗೆ ಎಣ್ಣೆ ಬಿಡು. ಸುಣ್ಣ ಕೊನೆಗೆ, ಮಳೆ ಬಿಡುವು ಕೊಟ್ಟಾಗ.

ಹೂವಿಗೆ ಜಾಸ್ತಿ ಖರ್ಚು ಬೇಡ. ದಾಸವಾಳ ಈಗಲೇ ಸವರು. ಶ್ರಾವಣ ಬರುತ್ತಿದ್ದ ಹಾಗೆ ನರ್ಸರಿಯಿಂದ ಮೊಗ್ಗು ಬಿಟ್ಟ ಚೆಂಡು ಹೂವಿನ ಗಿಡ ಒಂದು ಹತ್ತು ತಂದು ಗೇಟಿನ ಎರಡೂ ಪಕ್ಕ ಇಡು. ಬೀಜ ಹಾಕಿದರೆ ಒಂದೂವರೆ, ಎರಡು ತಿಂಗಳು ಕಾಯಬೇಕು.

ಮತ್ತೆ ಪಾರಿಜಾತ. ಅದು ಹೂ ಬಿಡೋಕೆ ಶುರು ಮಾಡಿದ ಮೇಲೆ, ಆದಷ್ಟೂ ಮನೆ ನೋಡುವವರನ್ನು ಬೆಳಗ್ಗೆ ಏಳೂವರೆ, ಎಂಟಕ್ಕೇ ಬರಹೇಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆಲ್ಲ ಬಿಳಿ ಎಸಳು, ಕೇಸರಿ ತೊಟ್ಟು ಬಿದ್ದಿರುತ್ತದೆ. ಒಂಬತ್ತರ ಬಿಸಿಲಿಗೆ ಬಾಡಿಹೋಗುತ್ತೆ. ಕೆಲಸದವಳಿಗೆ ಹೇಳಿಡು, ಬಂದವರು ಹೋಗುವವರೆಗೂ ಗುಡಿಸಬಾರದು.

ನಿನಗೆ ಯಾವ ಗಿಡ ಬೇಕೋ ಮನೆ ತೋರಿಸುವ ಮೊದಲೇ ಕುಂಡಕ್ಕೆ ಎತ್ತಿಕೋ. ತೋರಿಸಿದ ಮೇಲೆ ಕಿತ್ತರೆ ಅವರು ಲೆಕ್ಕ ಕೇಳುತ್ತಾರೆ. ಕಟ್ಟೆಯ ತುಳಸಿಯನ್ನು ಬುಡದ ಮಣ್ಣು ಸಮೇತ ಬೆಂಗಳೂರಿಗೆ ಒಯ್ಯಿ, ಬಾಲ್ಕನಿಯಲ್ಲಿ ಇಡು.

ಬರುವ ಭಾನುವಾರ ಬೆಳಗಿನ ಬಸ್ಸಿಗೆ ನಾನೂ ಬರುತ್ತೇನೆ. ಊಟ ನಾನೇ ಕಟ್ಟಿಕೊಂಡು ಬರುತ್ತೇನೆ, ನೀನು ಪಿಕಾಸಿ, ಸಲಿಕೆ ಹುಡುಕಿಡು.

ಇಂತಿ,
ನಿನ್ನ ಅತ್ತೆ

ತಾ.ಕ.: ಕರಿಬೇವಿನ ಬುಡದಲ್ಲಿ ಮರಿ ಎದ್ದಿದ್ದರೆ ಕೆಲಸದವರು ಕಳೆ ಅಂತ ಕಿತ್ತು ಹಾಕಿಯಾರು. ಎರಡು ನನಗೆ ಬೇಕು.