ತೆನೆ ಹಬ್ಬದ ಊಟಕ್ಕೆ ಮೊದಲು ಕಥೆ ಹೇಳೋಣ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಸೆಪ್ಟೆಂಬರ್ 8 ಕಳೆದ ಮರುದಿನ ಕರಾವಳಿಯ ಪತ್ರಿಕೆಗಳಲ್ಲಿ ಒಂದು ಫೋಟೊ ಇದ್ದೇ ಇರುತ್ತದೆ. ಯೇಸುವಿನ ತಾಯಿ ಮರಿಯಮ್ಮನ ಬಾಲರೂಪದ ಪುಟ್ಟ ಮೂರ್ತಿ, ಅದರ ಮುಂದೆ ಹೂವಿನ ಬುಟ್ಟಿ ಹಿಡಿದ ಮಕ್ಕಳು, ಪಕ್ಕದಲ್ಲಿ ಭತ್ತದ ತೆನೆ. ಕೆಳಗೆ ಎರಡು ಸಾಲು: ಮೊಂತಿ ಹಬ್ಬ ಸಂಭ್ರಮದಿಂದ ನಡೆಯಿತು, ಬಲಿಪೂಜೆಯ (ಚರ್ಚಿನ ಆರಾಧನೆಯ) ನಂತರ ತೆನೆ ಹಂಚಿದರು, ಮಕ್ಕಳಿಗೆ ಕಬ್ಬು ಕೊಟ್ಟರು. ಬರೆದದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ತೆನೆ ಮನೆಗೆ ಯಾಕೆ ಬರುತ್ತದೆ, ಅದನ್ನು ಬಾಯಿಗೆ ಹಾಕಿಕೊಳ್ಳುವಾಗ ದೇವರಿಗೆ ಯಾವುದಕ್ಕಾಗಿ ಕೈಮುಗಿಯಬೇಕು ಅನ್ನುವುದು ನಮ್ಮ ಕಥೊಲಿಕ ಮನೆಗಳಲ್ಲೇ ಮರೆತುಹೋಗುತ್ತಿದೆ. ಈ ಪತ್ರ ಅದಕ್ಕಾಗಿ.

ಹಬ್ಬ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ತೆನೆ ಹಬ್ಬ ಅಂತಲೂ ಕರೆಯುವ ಈ ಮೊಂತಿ ಹಬ್ಬ ಕನ್ಯಾ ಮರಿಯಮ್ಮನ ಹುಟ್ಟುಹಬ್ಬ. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಬುಟ್ಟಿ ತುಂಬ ಹೂ ತಂದು ಮರಿಯಮ್ಮನಿಗೆ ಹಾಕುತ್ತಾರೆ. ತೋಟದ ಹೂ, ಬೇಲಿಯ ಹೂ, ಏನು ಸಿಕ್ಕಿದರೂ ಆಗುತ್ತದೆ. ಹಬ್ಬದ ದಿನ ಫಾದರ್ ಹೊಸ ತೆನೆ ಆಶೀರ್ವದಿಸುತ್ತಾರೆ, ಮನೆಗೊಂದರಂತೆ ಅದು ಸಿಗುತ್ತದೆ. ಮನೆಯಲ್ಲಿ ಅದನ್ನು ದೇವರ ಪೀಠದ ಮುಂದೆ ಇಟ್ಟು, ಪ್ರಾರ್ಥನೆ ಮಾಡಿ, ಹಿರಿಯರು ಒಂದೊಂದೇ ಕಾಳಿನ ಸಿಪ್ಪೆ ಬಿಡಿಸುತ್ತಾರೆ. ಕೆಲವು ವರ್ಷ ಕಾಳು ಇನ್ನೂ ಹಸಿ, ಉಗುರಿಗೆ ಹಾಲು ಅಂಟುತ್ತದೆ. ಅದನ್ನು ಜಜ್ಜಿ ತೆಂಗಿನ ಹಾಲಿಗೋ ಪಾಯಸಕ್ಕೋ ಹಾಕುತ್ತಾರೆ. ಎಲ್ಲರಿಗೂ ಒಂದೊಂದು ಚಮಚ. ಆಮೇಲೆ ಬಾಳೆ ಎಲೆಯಲ್ಲಿ ಊಟ, ಅವತ್ತು ಮೀನು ಮಾಂಸ ಇಲ್ಲ. ಹರಿವೆ ದಂಟು, ಬೆಂಡೆ, ಹಾಗಲ, ಹೀರೆ, ಹೆಸರುಕಾಳು, ಎಣಿಸಿದರೆ ಐದೋ ಏಳೋ ಒಂಬತ್ತೋ ಬಗೆ ಆಗಬೇಕು. ಮುಂಬೈಗೋ ಗಲ್ಫಿಗೋ ಹೋದ ಮಕ್ಕಳಿಗೆ ಎರಡು ಕಾಳನ್ನು ಕಾಗದದಲ್ಲಿ ಮಡಚಿ ಅಂಚೆಯಲ್ಲಿ ಕಳಿಸುತ್ತಿದ್ದ ಕಾಲ ಇತ್ತು, ಯಾಕೆಂದರೆ ಮನೆಯವರೆಲ್ಲರೂ ಹೊಸ ಅಕ್ಕಿ ತಿನ್ನಬೇಕು, ಒಬ್ಬರನ್ನೂ ಬಿಡಬಾರದು.

ಇದರ ಹಿಂದೆ ಒಂದು ಚರಿತ್ರೆ ಇದೆ. ನಮ್ಮಲ್ಲಿ ಈ ಹಬ್ಬ ಶುರುವಾದದ್ದು 1763ರಲ್ಲಿ, ನೇತ್ರಾವತಿ ದಂಡೆಯ ಫರಂಗಿಪೇಟೆಯಲ್ಲಿ, ಗೋವಾದಿಂದ ಬಂದಿದ್ದ ಫಾದರ್ ಜೋಕಿಂ ಮಿರಾಂದ ಅವರ ಕಾಲದಲ್ಲಿ ಎಂದು ಹೇಳುತ್ತಾರೆ. ಅದಾಗಿ ಇಪ್ಪತ್ತೊಂದು ವರ್ಷಕ್ಕೆ, 1784ರ ಬೂದಿ ಬುಧವಾರದ (ಈಸ್ಟರಿಗೆ ಮುಂಚಿನ ಉಪವಾಸ ಕಾಲದ ಮೊದಲ ದಿನ) ಹೊತ್ತಿಗೆ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ, ಅಂದರೆ ನಮ್ಮ ಕರಾವಳಿಯ, ಕ್ರೈಸ್ತರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಮುದುಕರು, ಬಸುರಿಯರು, ಕೈಗೂಸುಗಳು, ಎಲ್ಲರೂ. ದಾರಿಯಲ್ಲಿ ಸತ್ತವರು ಎಷ್ಟೋ, ಅಲ್ಲಿ ಸತ್ತವರು ಎಷ್ಟೋ. ಇತ್ತ ಚರ್ಚುಗಳು ನೆಲಸಮವಾದವು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ, ಹದಿನೈದು ವರ್ಷದ ಸೆರೆಯಲ್ಲಿ ಉಳಿದುಕೊಂಡವರು ಮತ್ತೆ ಘಟ್ಟ ಇಳಿದು ಊರಿಗೆ ಬಂದರು. ಬಂದು ನೋಡಿದರೆ ಅವರ ಗದ್ದೆಗಳಲ್ಲಿ ಬೇರೆಯವರಿದ್ದರು. ಆದರೂ ಅವರು ಮತ್ತೆ ಮನೆ ಕಟ್ಟಿದರು, ಚರ್ಚು ಕಟ್ಟಿದರು, ಮತ್ತೆ ಉತ್ತು ಬಿತ್ತಿದರು. ಹಾಗೆ ವಾಪಸ್ ಬಂದ ಮನೆಯೊಂದು ಊರಿನ ನೆಲದಲ್ಲಿ ಬೆಳೆದ ಮೊದಲ ತೆನೆಯನ್ನು ಮರಿಯಮ್ಮನ ಮುಂದೆ ಇಟ್ಟಾಗ ಹೇಗಿದ್ದಿರಬೇಕು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ದೇವರು ನಮ್ಮ ಕೈ ಬಿಡಲಿಲ್ಲ ಅನ್ನುವುದಕ್ಕೆ ಅವರ ಹತ್ತಿರ ಬೇರೆ ಸಾಕ್ಷಿ ಏನಿತ್ತು? ಅಂಗೈಯಲ್ಲಿದ್ದ ಭತ್ತದ ಕಾಳು, ಅಷ್ಟೇ ಅಲ್ವಾ.

ಬೈಬಲಿನ ಧರ್ಮೋಪದೇಶಕಾಂಡದ 26ನೇ ಅಧ್ಯಾಯ ತೆಗೆದು ನೋಡಿ. ಮೊದಲ ಬೆಳೆಯನ್ನು ಬುಟ್ಟಿಯಲ್ಲಿ ತಂದು ಯಾಜಕನ ಕೈಗೆ ಕೊಟ್ಟರೆ ಅಲ್ಲಿಗೆ ಮುಗಿಯುವುದಿಲ್ಲ. ತಂದವನು ಬಾಯಿಬಿಟ್ಟು ಕಥೆ ಹೇಳಬೇಕು: ನಮ್ಮ ಮೂಲಪುರುಷ ನೆಲೆಯಿಲ್ಲದೆ ಅಲೆಯುತ್ತಿದ್ದ, ಈಜಿಪ್ಟಿಗೆ ಹೋಗುವಾಗ ಜನ ಬೆರಳೆಣಿಕೆಯಷ್ಟು, ಅಲ್ಲಿ ನಮ್ಮನ್ನು ಹಿಂಸಿಸಿದರು, ನಾವು ಕೂಗಿದೆವು, ದೇವರು ಕೇಳಿಸಿಕೊಂಡು ಹೊರಗೆ ಕರೆತಂದ. ಹೇಳುವವನು ಆ ಕಾಲದಲ್ಲಿ ಹುಟ್ಟಿರಲಿಲ್ಲ, ಆದರೂ ‘ನಾವು’ ಅಂತಲೇ ಹೇಳಬೇಕು. ನಮ್ಮ ಹಬ್ಬಕ್ಕೂ ಇದೇ ಬೇಕು. ನಾವು ಬುಟ್ಟಿ ಉಳಿಸಿಕೊಂಡಿದ್ದೇವೆ, ತೆನೆ ಉಳಿಸಿಕೊಂಡಿದ್ದೇವೆ, ಊಟವನ್ನಂತೂ ಚೆನ್ನಾಗಿಯೇ ಉಳಿಸಿಕೊಂಡಿದ್ದೇವೆ. ಕಥೆ ಬಿಟ್ಟಿದ್ದೇವೆ.

ಒಂದು ಮಾತು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಈ ಕಥೆ ಯಾರ ಮೇಲೂ ಸೇಡು ಇಟ್ಟುಕೊಳ್ಳಲಿಕ್ಕೆ ಅಲ್ಲ. ನಮ್ಮ ಹಿರಿಯರ ಕಷ್ಟವನ್ನು ಎತ್ತಿಕೊಂಡು ಇವತ್ತಿನ ಅಕ್ಕಪಕ್ಕದವರನ್ನು ಬೈಯುವವರು ಫೇಸ್‌ಬುಕ್ಕಿನಲ್ಲಿ ಬೇಕಾದಷ್ಟು ಇದ್ದಾರೆ. ಅವರು ಹಬ್ಬದ ಹೆಸರು ಹೇಳಿ ಹಬ್ಬವನ್ನೇ ಹಾಳು ಮಾಡುತ್ತಾರೆ. ಅದೇ 26ನೇ ಅಧ್ಯಾಯದಲ್ಲಿ, ನಿಮ್ಮ ನಡುವೆ ಇರುವ ಪರದೇಶಿಯೂ ಸೇರಿ ಎಲ್ಲರೂ ಸಂತೋಷಪಡಿ ಅಂತ ಇದೆ. ಹೊಸ ತೆನೆ ತುಳುನಾಡಿನಲ್ಲಿ ನಮ್ಮೊಬ್ಬರದ್ದೇನೂ ಅಲ್ಲ. ನಮ್ಮ ಹಿಂದೂ ನೆರೆಯವರು ಕುರಲ್ (ತುಳುವಿನಲ್ಲಿ ತೆನೆ) ಕಟ್ಟುತ್ತಾರೆ, ಹೊಸ ಅಕ್ಕಿ ಊಟ ಮಾಡುತ್ತಾರೆ, ಕೊಡಗಿನವರಿಗೆ ಸುಗ್ಗಿಯ ಹಬ್ಬ ಪುತ್ತರಿ ಇದೆ. ಪಾಯಸದ ಪಾತ್ರೆ ಆಚೆ ಮನೆಗೂ ಹೋಗಲಿ, ಅದು ಯಾವ ಜಾತಿ ಧರ್ಮದ ಮನೆಯೇ ಆಗಿರಲಿ.

ಹಾಗಾದರೆ ಮಾಡಬೇಕಾದ್ದೇನು? ಜಾಸ್ತಿ ಏನೂ ಇಲ್ಲ. ಕಾಳು ಸುಲಿಯುವಾಗ ಮನೆಯ ಹಿರಿಯರು ಐದು ನಿಮಿಷ ಮಾತಾಡಲಿ. 1784 ಹೇಳಲಿ, 1799 ಹೇಳಲಿ. ಆಮೇಲೆ ನಮ್ಮದೇ ಮನೆಯಲ್ಲಿ ದೇವರು ಕಾಪಾಡಿದ ಒಂದು ಸಂಗತಿ ಹೇಳಲಿ: ಅಜ್ಜಿಯ ಕಾಯಿಲೆ, ಕೆಲಸ ಹೋದ ವರ್ಷ, ಕೊರೊನಾ ಕಾಲ, ಏನಾದರೂ. ಬೆಂಗಳೂರಿನ ಫ್ಲ್ಯಾಟಿನಲ್ಲಿ, ದುಬೈಯಲ್ಲಿ ಇರುವವರು ವೀಡಿಯೊ ಕಾಲಿನಲ್ಲಿ ಸುಮ್ನೆ ಎಲೆ ತೋರಿಸಿ ಮುಗಿಸುವ ಬದಲು ಅಜ್ಜನ ಬಾಯಿಂದ ಇದನ್ನು ಮಕ್ಕಳಿಗೆ ಕೇಳಿಸಲಿ. ಕೊಂಕಣಿಯಲ್ಲೇ ಹೇಳಲಿ, ಬಾರದಿದ್ದರೆ ಕನ್ನಡದಲ್ಲಿ ಹೇಳಲಿ.

ಇನ್ನೊಂದು ಕೋರಿಕೆ ನಮ್ಮ ಫಾದರ್‌ಗಳಿಗೆ, ಚರ್ಚಿನ ಪಾಲನಾ ಮಂಡಳಿಗೆ, ವಾರ್ಡಿನ ಮುಖಂಡರಾದ ಗುರ್ಕಾರರಿಗೆ. ಗದ್ದೆಗಳು ಅಡಿಕೆ ತೋಟವಾದವು, ಸೈಟ್ ಆದವು, ಎಷ್ಟೋ ಬೇಸಾಯವಿಲ್ಲದೆ ಹಡಿಲು ಬಿದ್ದಿವೆ. ಅದರಿಂದ ತೆನೆಯನ್ನೂ ದುಡ್ಡು ಕೊಟ್ಟು ದೂರದಿಂದ ತರಿಸುವ ಸ್ಥಿತಿ ಹಲವು ಕಡೆ ಬಂದಿದೆ. ಉಡುಪಿ ಕಡೆ 2021ರಲ್ಲಿ ಜನ ಒಟ್ಟಾಗಿ ಹಡಿಲು ಗದ್ದೆಗಳಲ್ಲಿ ನಾಟಿ ಮಾಡಿದ್ದು ನಿಮ್ಮ ಓದುಗರಿಗೆ ನೆನಪಿರಬಹುದು. ಚರ್ಚಿನ ಹತ್ತಿರ ಹತ್ತು ಸೆಂಟ್ಸ್ ಗದ್ದೆ ಸಿಕ್ಕಿದರೂ ಸಾಕು. ಧರ್ಮೋಪದೇಶ ತರಗತಿಯ ಮಕ್ಕಳೇ ಕೆಸರಿಗೆ ಇಳಿದು ನೇಜಿ (ಭತ್ತದ ಸಸಿ) ನೆಡಲಿ. ತಾವೇ ನೆಟ್ಟ ತೆನೆ ಪೀಠದ ಮೇಲೆ ಬಂದಾಗ ಅದು ಯಾಕೆ, ಏನು ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ, ನಾವು ಉತ್ತರ ಹೇಳಲೇಬೇಕಾಗುತ್ತದೆ. ಸೆಪ್ಟೆಂಬರ್ ಮೊದಲ ವಾರಕ್ಕೆ ತೆನೆ ಬರಬೇಕಾದರೆ ಬೇಗ ಬರುವ ತಳಿಯನ್ನು ಮುಂಗಾರು ಶುರುವಾದ ಕೂಡಲೇ ಬಿತ್ತಬೇಕು. ಆದ್ದರಿಂದ ಗದ್ದೆ ಯಾವುದು, ಬೀಜ ಯಾರು ಕೊಡುವುದು ಅನ್ನುವುದನ್ನು ಮೇ ತಿಂಗಳ ಸಭೆಯಲ್ಲೇ ತೀರ್ಮಾನ ಮಾಡಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ಒಬ್ಬ ಓದುಗರು,
ಬಂಟ್ವಾಳ ತಾಲೂಕು